ಬಣ್ಣ ತೆಗೆಯೋ ಮೆಷೀನ್ ನಮ್ಮ ಪಂಪ್‌ಹೌಸಿಗೆ ಬೇಡ, ಕಾರ್ಖಾನೆ ಪೈಪಿಗೆ ಬೇಕು

ಹೋದ ಬೇಸಿಗೆಯಲ್ಲಿ ಟಿ. ನರಸೀಪುರ ಕಡೆಯ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ನನಗೊಂದು ವಿಡಿಯೋ ಕಳಿಸಿದ. ಒಂದು ಕಡೆ ಡ್ರಮ್ಮಿನಲ್ಲಿ ಕೆಂಪು ನೀರು. ನಡುವೆ ಸ್ಟೀಲ್ ಪೈಪು, ಮಧ್ಯದಲ್ಲಿ ಸೊಂಟ ಹಿಡಿದ ಹಾಗೆ ಸಣ್ಣಗಾಗಿದೆ. ಆ ಕಡೆ ಗಾಜಿನ ಲೋಟದಲ್ಲಿ ತಿಳಿನೀರು. ಕೆಳಗೆ ಅವನ ವಾಯ್ಸ್ ಮೆಸೇಜ್: "ಅಣ್ಣ, ಕ್ಯಾವಿಟೇಶನ್ ಪ್ಲಸ್ ಕಬ್ಬಿಣದ ಕ್ಯಾಟಲಿಸ್ಟ್ ಅಂತೆ. ಕಾರ್ಖಾನೆ ಬಣ್ಣ ಎಲ್ಲಾ ಹೋಗುತ್ತಂತೆ. ಮೋಟಾರಿಗೆ ಕೂರಿಸಿದ್ರೆ ಆಯ್ತು. ಒಂದೂಕಾಲು ಲಕ್ಷ ಹೇಳ್ತಾವ್ರೆ. ಐದು ಜನ ಸೇರಿ ತಗೊಳ್ಳೋಣ ಅಂತಿದ್ದೀವಿ. ಇದು ನಿಜಾನಾ?"

ಪೂರ್ತಿ ಸುಳ್ಳಾಗಿದ್ದರೆ ಉತ್ತರ ಸುಲಭ ಇತ್ತು. ತೊಂದರೆ ಏನಂದ್ರೆ, ಅದರ ಹಿಂದಿನ ವಿಜ್ಞಾನ ನಿಜ. ನಿಜವಾದ ವಿಜ್ಞಾನವನ್ನ ತಪ್ಪು ಜಾಗದಲ್ಲಿ ಮಾರೋರ ಹತ್ತಿರ ವಾದ ಮಾಡೋದು ಕಷ್ಟ.

ಅವನಿಗೆ ಬುದ್ಧಿ ಹೇಳೋಕೆ ನನಗೂ ಪೂರ್ತಿ ಹಕ್ಕಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ನಾಲ್ಕು ವರ್ಷದ ಹಿಂದೆ, ಬೋರ್‌ವೆಲ್ ನೀರಿನ ಉಪ್ಪು ಹೋಗುತ್ತೆ ಅಂತ ನಂಬಿ, ಪೈಪಿಗೆ ಸುತ್ತುವ ಆಯಸ್ಕಾಂತಕ್ಕೆ ಹದಿನಾರು ಸಾವಿರ ಕೊಟ್ಟವನು ನಾನು. ತೋಟಗಾರಿಕೆಯಲ್ಲಿ ಡಿಗ್ರಿ ಮಾಡಿದವನು ಬೇರೆ. ಉಪ್ಪು ಎಲ್ಲೂ ಹೋಗಲಿಲ್ಲ. ಆ ಆಯಸ್ಕಾಂತ ಈಗ ಶೆಡ್ಡಿನಲ್ಲಿ ಬಿದ್ದ ಮೊಳೆ ಹುಡುಕೋಕೆ ಬಳಕೆಯಾಗ್ತಿದೆ.

ನಮ್ಮ ಪಂಪು ಕಲಿಸಿದ ಪಾಠ

ಕ್ಯಾವಿಟೇಶನ್ ಅಂದರೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಫುಟ್‌ವಾಲ್ವ್ ಕಟ್ಟಿಕೊಂಡು ಸಕ್ಷನ್ ಸರಿಯಾಗಿ ಎಳೀದೆ ಇದ್ದಾಗ ಮೋಟಾರು ಜಲ್ಲಿಕಲ್ಲು ತಿರುಗಿಸಿದ ಹಾಗೆ ಸದ್ದು ಮಾಡುತ್ತಲ್ಲ, ಅದೇ. ಆಮೇಲೆ ಪಂಪ್ ಬಿಚ್ಚಿಸಿದರೆ ಇಂಪೆಲ್ಲರ್ ಮೇಲೆ ಇಲಿ ಕಚ್ಚಿದಂತೆ ಗುಳಿ. ಅಲ್ಲಿ ನಡೆಯೋದು ಇಷ್ಟು: ಒತ್ತಡ ತೀರಾ ಕಡಿಮೆಯಾದ ಕಡೆ ನೀರು ಬಿಸಿಯಾಗದೆಯೇ ಕುದಿದ ಹಾಗೆ ಸಣ್ಣ ಗುಳ್ಳೆಗಳಾಗುತ್ತೆ. ಮುಂದೆ ಒತ್ತಡ ಮತ್ತೆ ಏರಿದ ತಕ್ಷಣ ಆ ಗುಳ್ಳೆಗಳು ಒಳಕ್ಕೆ ಕುಸಿದು ಒಡೆಯುತ್ತವೆ. ಒಡೆಯುವ ಆ ಚುಕ್ಕೆಯಷ್ಟು ಜಾಗದಲ್ಲಿ, ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಸಾವಿರಾರು ಡಿಗ್ರಿ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಇರುತ್ತೆ. ಎರಕದ ಕಬ್ಬಿಣವನ್ನೇ ಕಚ್ಚುವ ಶಕ್ತಿ ಅದು.

ಆ ಶಕ್ತಿಯನ್ನು ಬೇಕಂತಲೇ ಹುಟ್ಟಿಸಬಹುದು. ಡ್ರಿಪ್‌ಗೆ ಗೊಬ್ಬರ ಬಿಡೋಕೆ ನಾವು ಹಾಕೋ ವೆಂಚುರಿ ನೋಡಿ. ಸಣ್ಣ ಕತ್ತಿನಲ್ಲಿ ನೀರು ಜೋರಾಗಿ ಓಡುತ್ತೆ, ಒತ್ತಡ ಬೀಳುತ್ತೆ, ಆ ಎಳೆತಕ್ಕೆ ಗೊಬ್ಬರದ ನೀರು ಒಳಕ್ಕೆ ಬರುತ್ತೆ. ಇದೇ ಕತ್ತನ್ನು ಇನ್ನೂ ಕಿರಿದು ಮಾಡಿ ಇನ್ನೂ ಒತ್ತಡದಲ್ಲಿ ನೀರು ನುಗ್ಗಿಸಿದರೆ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದಾಗ ನೀರಿನ ಅಣುವೇ ಸೀಳಿ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಅನ್ನೋ ಕಣ ಬರುತ್ತೆ. ಸಿಕ್ಕಿದ್ದನ್ನೆಲ್ಲ ಕಚ್ಚುವ ಕಣ, ಬಣ್ಣದ ಅಣುವನ್ನೂ ಬಿಡಲ್ಲ. ಮುಂಬೈನ ಐಸಿಟಿ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಎರಡೂ ಕಡೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಆಗಿದೆ.

ಆದರೆ ಗುಳ್ಳೆ ಒಂದರಿಂದಲೇ ಬಣ್ಣ ಹೋಗೋದು ನಿಧಾನ, ಅರೆಬರೆ. ಅದಕ್ಕೇ ಕಬ್ಬಿಣ ಜೊತೆಗೆ ಬರುತ್ತೆ. ಹೆನ್ರಿ ಫೆಂಟನ್ ಅನ್ನೋ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ 1894ರಲ್ಲೇ ಬರೆದಿದ್ದ: ಹೈಡ್ರೋಜನ್ ಪೆರಾಕ್ಸೈಡಿಗೆ ಸ್ವಲ್ಪ ಕಬ್ಬಿಣದ ಲವಣ ಸೇರಿದರೆ ಅದರ ಉರಿಸುವ ಗುಣ ಬಹಳ ಜೋರಾಗುತ್ತೆ ಅಂತ. ಅಲ್ಲೂ ಕೆಲಸ ಮಾಡೋದು ಅದೇ ಹೈಡ್ರಾಕ್ಸಿಲ್ ಕಣ ಅನ್ನೋದು ಆಮೇಲೆ ತಿಳಿದದ್ದು. ಲವಣದ ಬದಲು ಕಬ್ಬಿಣದ ಪುಡಿಯನ್ನೇ ಹಾಕಿದರೂ ನಡೆಯುತ್ತೆ. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಪ್ರೊ. ಎಲ್. ಗೋಮತಿ ದೇವಿ ಮತ್ತು ಅವರ ತಂಡ ಕಬ್ಬಿಣದ ಪುಡಿ ಬಳಸಿ ಮೀಥೈಲ್ ಆರೆಂಜ್ ಬಣ್ಣವನ್ನು ಒಡೆದದ್ದು 2009ರಲ್ಲಿ ಪ್ರಕಟವಾಗಿದೆ. ಪಿಯುಸಿ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವಾಗ ಎರಡು ಹನಿ ಹಾಕ್ತಿದ್ವಲ್ಲ, ಅದೇ ಮೀಥೈಲ್ ಆರೆಂಜ್. ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಜಾತಿಯವು, ಅಜೋ ಬಣ್ಣಗಳು. ಇನ್ನು ಗುಳ್ಳೆಯನ್ನೂ ಕಬ್ಬಿಣವನ್ನೂ ಒಟ್ಟಿಗೆ ಹಾಕಿದರೆ, ಗುಳ್ಳೆ ಒಡೆತಕ್ಕೆ ಕಬ್ಬಿಣದ ಮೇಲಿನ ತುಕ್ಕು ಉಜ್ಜಿಹೋಗಿ ಹೊಸ ಮೈ ಸಿಗುತ್ತೆ, ಕೆಲಸ ಇನ್ನೂ ಚುರುಕು.

ಹಾಗಾಗಿ ವಿಡಿಯೋದಲ್ಲಿ ಕೆಂಪು ನೀರು ತಿಳಿಯಾದದ್ದು ಮೋಡಿ ಅಲ್ಲ. ಆಗುತ್ತೆ. ನಾನೇ ಮಾಡಿ ನೋಡಿದೆ.

ಜಾಡಿಯಲ್ಲಿ ಒಂದು ದಿನ

ಪಂಪು ಗಿಂಪು ಇಲ್ಲದೆ, ಕಬ್ಬಿಣದ ಭಾಗ ಮಾತ್ರ. ಒಂದು ಗಾಜಿನ ಜಾಡಿಗೆ ಬಟ್ಟೆಗೆ ಹಾಕುವ ಬಣ್ಣದ ಪುಡಿ ಚಿಟಿಕೆ, ಅಂಗಡಿಯ ವಿನಿಗರ್, ಗ್ರಿಲ್ ಕೆಲಸದವರ ಹತ್ತಿರ ಸಿಕ್ಕಿದ ಕಬ್ಬಿಣದ ಪುಡಿ, ಮೆಡಿಕಲ್ ಸ್ಟೋರಿನಲ್ಲಿ ಗಾಯ ತೊಳೆಯೋಕೆ ಕೊಡುವ ಪೆರಾಕ್ಸೈಡ್. ಬೆಳಿಗ್ಗೆ ಹಾಕಿಟ್ಟೆ. ಸಂಜೆ ಹೊತ್ತಿಗೆ ಬಣ್ಣ ಮುಕ್ಕಾಲು ಪಾಲು ಇಳಿದಿತ್ತು. ಮಾರನೆ ದಿನ ತಳದಲ್ಲಿ ಕಂದು ಕೆಸರು, ಮೇಲೆ ತೆಳು ಹಳದಿ ನೀರು. ಬಟ್ಟೆಯಲ್ಲಿ ಸೋಸಿ ಟಿಡಿಎಸ್ ಮೀಟರ್ ಅದ್ದಿದೆ.

ನಂಬರು ಮೊದಲಿಗಿಂತ ಮೇಲೆ ಹೋಗಿತ್ತು.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಬಣ್ಣ ಅನ್ನೋದು ದೊಡ್ಡ ಅಣು, ಅದನ್ನು ಒಡೆಯಬಹುದು. ಉಪ್ಪು ಒಡೆಯುವ ವಸ್ತು ಅಲ್ಲ. ಸೋಡಿಯಂ ಸೋಡಿಯಮ್ಮಾಗೇ ಇರುತ್ತೆ, ಕ್ಲೋರೈಡ್ ಕ್ಲೋರೈಡಾಗೇ ಇರುತ್ತೆ, ಎಷ್ಟು ಗುಳ್ಳೆ ಒಡೆದರೂ ಅಷ್ಟೇ. ಮೇಲಿಂದ ನಾವು ಹಾಕಿದ ಆಮ್ಲ, ಕಬ್ಬಿಣ ಸೇರಿ ಉಪ್ಪು ಇನ್ನೂ ಜಾಸ್ತಿಯಾಗುತ್ತೆ. ಹತ್ತಿಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಸೋಕೆ ಬಣ್ಣದ ತೊಟ್ಟಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯುತ್ತಾರೆ. ಬಣ್ಣದ ಬಹುಪಾಲು ಬಟ್ಟೆಗೆ ಹೋಗುತ್ತೆ, ಉಪ್ಪು ಪೂರ್ತಿ ನೀರಿನಲ್ಲೇ ಉಳಿಯುತ್ತೆ. ಕಣ್ಣಿಗೆ ಕಾಣೋದು ಬಣ್ಣ. ಬೇರಿಗೆ ತಾಗೋದು ಉಪ್ಪು.

ಇದಕ್ಕೆ ಉದಾಹರಣೆ ಬೇಕಂದ್ರೆ ಚಾಮರಾಜನಗರ ದಾಟಿ, ಸತ್ಯಮಂಗಲದ ಘಾಟಿ ಇಳಿದು ತಿರುಪ್ಪೂರಿಗೆ ಹೋಗಿ. ಅಲ್ಲಿನ ನೊಯ್ಯಲ್ ನದಿ ಬಟ್ಟೆಬಣ್ಣದ ನೀರು ಹೊತ್ತು ಹರಿದು, 1992ರಲ್ಲಿ ರೈತರಿಗಾಗಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತುಬಿಟ್ಟಿತು. ಕಟ್ಟೆ ತುಂಬಿದ್ದರೂ ಆ ನೀರು ಬೇಡ ಅನ್ನುವ ಸ್ಥಿತಿ ರೈತರಿಗೆ ಬಂತು. ಅಚ್ಚುಕಟ್ಟಿನ ರೈತರು ಕೋರ್ಟಿಗೆ ಹೋದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿ ಅಂತ ಆದೇಶ ಮಾಡಿತು. ಅಲ್ಲಿ ಬಣ್ಣಕ್ಕಿಂತ ದೊಡ್ಡ ಜಗಳ ಉಪ್ಪಿನದು. ಆರ್‌ಓ ಹಾಕಿ, ಉಳಿದದ್ದನ್ನು ಕುದಿಸಿ ಉಪ್ಪು ಬೇರೆ ಮಾಡದೆ ಹೊರಗೆ ಒಂದು ಹನಿ ಬಿಡಬಾರದು ಅನ್ನೋ ನಿಯಮ ಬಂದದ್ದು ಅದಕ್ಕೇ.

ಬಣ್ಣ ಹೋದದ್ದೂ ಪೂರ್ತಿ ಸಮಾಧಾನದ ವಿಷಯ ಅಲ್ಲ. ಅಜೋ ಬಣ್ಣದ ಅಣುವಿನ ನಡುವೆ ಒಂದು ಕೊಂಡಿ ಇದೆ, ಎರಡು ನೈಟ್ರೋಜನ್ ಸೇರಿದ್ದು. ಅದೊಂದು ಕಳಚಿದರೆ ಸಾಕು, ಬಣ್ಣ ಮಾಯ. ಆದರೆ ಎರಡು ತುಂಡು ನೀರಿನಲ್ಲೇ ಇರುತ್ತವೆ. ಪೆರಾಕ್ಸೈಡ್ ಇಲ್ಲದೆ ಬರೀ ಕಬ್ಬಿಣದ ಪುಡಿ ಮೇಲೆ ನೀರು ಹಾಯಿಸಿದರೆ ಆಗೋದು ಇದೇ: ಬಣ್ಣದ ಅಣು ಅರೋಮ್ಯಾಟಿಕ್ ಅಮೈನ್ ಅನ್ನೋ ತುಂಡುಗಳಾಗುತ್ತೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಭಾರತ 1990ರ ದಶಕದಲ್ಲಿ 112 ಬಣ್ಣಗಳನ್ನು ನಿಷೇಧಿಸಿದ್ದು ಈ ತುಂಡುಗಳ ಭಯಕ್ಕೆ. "ಕೆಮಿಕಲ್ಲೇ ಬೇಡ, ನಮ್ಮ ಕಬ್ಬಿಣದ ಫಿಲ್ಟರ್ ಸಾಕು" ಅಂತ ಯಾರಾದರೂ ಹೇಳಿದರೆ ಅದಕ್ಕೇ ಇನ್ನೂ ಹುಷಾರಾಗಬೇಕು. ಕಣ್ಣಿಗೆ ಕಾಣುವ ವಿಷವನ್ನ ಕಾಣದ ಹಾಗೆ ಮಾಡಿ ಕೊಟ್ಟ ಹಾಗಾಗುತ್ತೆ. ಅಣು ನಿಜವಾಗಿ ಒಡೆದು ಹೋಗಿದೆಯಾ ಅಂತ ತಿಳಿಯೋಕೆ ಲೋಟ ನೋಡಿದರೆ ಆಗಲ್ಲ, ಸಿಓಡಿ ಪರೀಕ್ಷೆ ಬೇಕು.

ಒಂದು ಎಕರೆ ಲೆಕ್ಕ

ಹುಡುಗನಿಗೆ ನಾನು ಹಾಕಿಕೊಟ್ಟ ಲೆಕ್ಕ ಇದು. ಒಂದು ಎಕರೆ ಡ್ರಿಪ್‌ಗೆ ದಿನಕ್ಕೆ 20,000 ಲೀಟರ್ ಅಂದುಕೊಳ್ಳಿ. ಆ ನೀರಿನ ಸಿಓಡಿ ಲೀಟರಿಗೆ 100 ಮಿಲಿಗ್ರಾಂ ಇದ್ದರೆ ಒಟ್ಟು ಎರಡು ಕೆಜಿ ಸಿಓಡಿ ಆಯ್ತು. ಒಂದು ಕೆಜಿ ಸಿಓಡಿ ಪೂರ್ತಿ ಉರಿಸೋಕೆ ಕಾಗದದ ಮೇಲಿನ ಲೆಕ್ಕದಲ್ಲೇ 2.1 ಕೆಜಿ ಪೆರಾಕ್ಸೈಡ್ ಬೇಕು. ಅಂದರೆ ದಿನಕ್ಕೆ ನಾಲ್ಕು ಕೆಜಿಗಿಂತ ಹೆಚ್ಚು. ಮಾರ್ಕೆಟ್ಟಿನಲ್ಲಿ ಸಿಗುವ 50 ಪರ್ಸೆಂಟಿನದ್ದಾದರೆ ಎಂಟೂವರೆ ಕೆಜಿ. ಚರ್ಮ ಸುಡುವ ವಸ್ತು ಅದು, ಪಂಪ್‌ಹೌಸಿನಲ್ಲಿ ಕ್ಯಾನುಗಟ್ಟಲೆ ಇಟ್ಟುಕೊಳ್ಳುವಂಥದ್ದಲ್ಲ. ಮಕ್ಕಳು ಓಡಾಡೋ ಜಾಗ.

ಅಷ್ಟಕ್ಕೆ ಮುಗಿಯಲ್ಲ. ಫೆಂಟನ್ ಕ್ರಿಯೆ ಚೆನ್ನಾಗಿ ನಡೆಯೋದು ಪಿಎಚ್ 3ರ ಹತ್ತಿರ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಬೇಕಾದಷ್ಟಿದೆ, ಅದು ಆಮ್ಲವನ್ನೂ ನುಂಗುತ್ತೆ, ಹೈಡ್ರಾಕ್ಸಿಲ್ ಕಣವನ್ನೂ ನುಂಗುತ್ತೆ. ಹಾಗಾಗಿ ದಿನಾ ಆಮ್ಲ ಸುರಿಯಬೇಕು, ಮತ್ತೆ ಸುಣ್ಣ ಹಾಕಿ ಪಿಎಚ್ ಮೇಲೆತ್ತಬೇಕು. ಆಗ ಕಬ್ಬಿಣವೆಲ್ಲ ಕಂದು ಕೆಸರಾಗಿ ಇಳಿಯುತ್ತೆ. ಸ್ವಲ್ಪ ಉಳಿದು ಡ್ರಿಪ್ಪಿಗೆ ಹೋದರೂ ಡ್ರಿಪ್ಪರ್ ಕಟ್ಟಿಕೊಳ್ಳುತ್ತೆ. ಇನ್ನು ಪ್ರಯೋಗಾಲಯಗಳಲ್ಲಿ ನೀರನ್ನು ಆ ಕಿರಿದಾದ ಕತ್ತಿನಲ್ಲಿ ಒಂದು ಸಲ ಹಾಯಿಸಿ ಬಿಡಲ್ಲ. ಕೆಲವೇ ಲೀಟರ್ ನೀರನ್ನು ಗಂಟೆಗಟ್ಟಲೆ ಸುತ್ತಿ ಸುತ್ತಿ ಹಾಯಿಸುತ್ತಾರೆ. ನಮ್ಮ ಮೋಟಾರಿನಿಂದ ಒಂದೇ ಓಟದಲ್ಲಿ ಗದ್ದೆಗೆ ಹೋಗುವ ನೀರಿಗೆ ಆ ಸಾಧನ ಏನೂ ಮಾಡೋಕೆ ಸಮಯವೇ ಸಿಗಲ್ಲ, ಕರೆಂಟ್ ಬಿಲ್ ಮಾತ್ರ ಮಾಡುತ್ತೆ.

ಅದೇ ಸಾಧನವನ್ನು ಬಣ್ಣದ ತೊಟ್ಟಿಯಿಂದ ಹೊರಬೀಳುವ ಪೈಪಿನಲ್ಲಿ ಇಟ್ಟು ನೋಡಿ. ನೀರು ಕಡಿಮೆ, ಬಣ್ಣ ಗಟ್ಟಿ. ಆಮ್ಲ, ಪೆರಾಕ್ಸೈಡ್ ಹಿಡಿಯೋಕೆ ತರಬೇತಿ ಆದ ಜನ ಇದ್ದಾರೆ. ಮಾಮೂಲಿ ಇಟಿಪಿಯಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿಗೆ ಅಜೋ ಬಣ್ಣ ಜೀರ್ಣ ಆಗಲ್ಲ, ಹಾಗೇ ದಾಟಿ ಹೋಗುತ್ತೆ. ಮೊದಲು ಕ್ಯಾವಿಟೇಶನ್ ಮತ್ತು ಕಬ್ಬಿಣದಲ್ಲಿ ಅಣು ತುಂಡು ಮಾಡಿ ಕೊಟ್ಟರೆ ಉಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಅದಾದ ಮೇಲೆ ಉಪ್ಪಿಗೆ ಆರ್‌ಓ. ಈ ಸಾಲಿನಲ್ಲಿ ಅದು ಒಳ್ಳೆಯ ತಂತ್ರಜ್ಞಾನ. ಸಬ್ಸಿಡಿ ಕೊಡೋದಿದ್ದರೆ ಸಣ್ಣ ಬಣ್ಣಗಾರರು ಸೇರಿ ಹಾಕಿಕೊಳ್ಳುವ ಘಟಕಕ್ಕೆ ಕೊಡಲಿ, ನಾನು ಕೈ ಎತ್ತಿ ಬೆಂಬಲಿಸ್ತೀನಿ. ಮೇಲಿನವನು ಗಲೀಜು ಮಾಡಿದ್ದನ್ನ ಕೆಳಗಿನ ರೈತ ಒಂದೂಕಾಲು ಲಕ್ಷ ಕೊಟ್ಟು ತೊಳೀಬೇಕು ಅನ್ನೋದಕ್ಕೆ ಮಾತ್ರ ನನ್ನ ವಿರೋಧ.

ನಮ್ಮ ಕಪಿಲೆಯ ವಿಷಯ

ವಯನಾಡಿನಲ್ಲಿ ಹುಟ್ಟಿ, ಬೀಚನಹಳ್ಳಿ ಡ್ಯಾಮ್ ದಾಟಿ ಬರುವ ಕಬಿನಿಗೆ ನಂಜನಗೂಡಿನ ಹತ್ತಿರ ಗುಂಡ್ಲು ಹೊಳೆ ಸೇರುತ್ತೆ. ಅಲ್ಲಿಂದ ಮುಂದೆ ಟಿ. ನರಸೀಪುರದಲ್ಲಿ ಕಾವೇರಿ. ಹುಲ್ಲಹಳ್ಳಿ ಅಣೆಕಟ್ಟೆಯ ನಾಲೆಗಳು ನಂಜನಗೂಡು ಪಟ್ಟಣಕ್ಕಿಂತ ಮೇಲೇ ನದಿ ಬಿಟ್ಟು ಹೊರಡುತ್ತವೆ. ಪಟ್ಟಣ ದಾಟಿದ ಮೇಲೆ ನದಿಗೆ, ಹಳ್ಳಕ್ಕೆ ಮೋಟಾರ್ ಇಟ್ಟವರ ಕತೆ ಬೇರೆ. ನೀವು ಯಾವ ನೀರು ಕುಡಿಸ್ತಿದ್ದೀರಿ ಅನ್ನೋದು ಮೊದಲು ಗೊತ್ತಿರಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ಕರ್ನಾಟಕದ 17 ಮಲಿನ ನದಿಭಾಗಗಳಿದ್ದವು, ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿ ಅದರಲ್ಲೊಂದು. ಆದರೆ ಆ ಪಟ್ಟಿ ಮಾಡೋದು ಬಿಓಡಿ ನೋಡಿ. ಚರಂಡಿ ನೀರಿನಂಥ ಕೊಳೆಯುವ ಗಲೀಜು ಎಷ್ಟಿದೆ ಅಂತ ಅದು ಹೇಳುತ್ತೆ. ಬಣ್ಣ, ಉಪ್ಪು ಎಷ್ಟಿದೆ ಅಂತ ಹೇಳಲ್ಲ. ಪಟ್ಟಿಯಲ್ಲಿ ಹೆಸರು ಇದ್ದರೂ ಇಲ್ಲದಿದ್ದರೂ ನಮ್ಮ ತೋಟದ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ.

ಬಣ್ಣದ ನೀರೆಲ್ಲ ಬಟ್ಟೆಬಣ್ಣದ್ದೂ ಅಲ್ಲ. ನಂಜನಗೂಡು ತಾಲ್ಲೂಕಿನಲ್ಲಿ ಕಾಗದ, ಸಕ್ಕರೆ, ಔಷಧಿ, ಪೇಂಟ್, ಬಟ್ಟೆ ಎಲ್ಲ ತರದ ಕಾರ್ಖಾನೆ ಬಂದಿವೆ, ಒಂದೊಂದರ ನೀರಿನ ಗುಣ ಒಂದೊಂದು. ಕಂದು ನೀರು ಮರದ ತಿರುಳಿನದ್ದಿರಬಹುದು, ಕಾಕಂಬಿಯದ್ದಿರಬಹುದು, ಬರೀ ಬೋರ್‌ವೆಲ್ಲಿನ ತುಕ್ಕೂ ಇರಬಹುದು. ಟಿ. ನರಸೀಪುರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯನ್ನು ಕೆಲವರು ಬಣ್ಣದ ಲೆಕ್ಕಕ್ಕೆ ಸೇರಿಸ್ತಾರೆ. ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸದಲ್ಲಿ ನೀರಿಗೆ ಬರೋದು ರೇಷ್ಮೆಯ ಅಂಟು, ಬಣ್ಣ ಅಲ್ಲ. ಯಾರ ಮೇಲಾದರೂ ಬೆರಳು ತೋರಿಸೋ ಮುಂಚೆ ಪರೀಕ್ಷೆ ಮಾಡಿಸಿ.

ಏನು ಪರೀಕ್ಷೆ? ನೀರಾವರಿಗೆ ಮೊದಲು ಬೇಕಾದ್ದು ಪಿಎಚ್, ಇಸಿ, ಎಸ್‌ಎಆರ್. ಇಸಿ ಒಟ್ಟು ಉಪ್ಪು ಹೇಳುತ್ತೆ. ಸೋಡಿಯಂ ಎಷ್ಟು, ಅದಕ್ಕೆ ಎದುರಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟು ಅನ್ನೋದು ಎಸ್‌ಎಆರ್. ಸೋಡಿಯಂ ಗೆದ್ದರೆ ಎರೆಮಣ್ಣು ಹಿಟ್ಟು ಕಲಸಿದ ಹಾಗೆ ಅಂಟಿಕೊಂಡು, ಒಣಗಿದಾಗ ಗಾರೆ ಆಗುತ್ತೆ, ನಮ್ಮ ಅಜ್ಜಂದಿರು ಚೌಳು ಅಂತಿದ್ದದ್ದು. ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರ, ಅಲ್ಲಿ ಕೇಳಿ. ಮಳೆಗಾಲದಲ್ಲಿ ಒಂದು, ಏಪ್ರಿಲ್‌ನಲ್ಲಿ ನದಿ ಸಣ್ಣಗಾದಾಗ ಒಂದು ಸ್ಯಾಂಪಲ್ ಕೊಡಿ. ಒಂದೇ ಕೊಟ್ಟರೆ ಅರ್ಧ ಕತೆ ಮಾತ್ರ.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಬಟ್ಟೆ ಕಾರ್ಖಾನೆಗಳಿಗೆ ಕೇಂದ್ರ ಸರ್ಕಾರ 2016ರ ಅಕ್ಟೋಬರ್‌ನಲ್ಲಿ ಮಾಡಿದ ನಿಯಮದಲ್ಲಿ ಹೊರಬಿಡುವ ನೀರಿನ ಟಿಡಿಎಸ್ ಲೀಟರಿಗೆ 2100 ಮಿಲಿಗ್ರಾಂವರೆಗೆ, ಎಸ್‌ಎಆರ್ 26ರವರೆಗೆ ಇರಬಹುದು. 2100 ಅಂದರೆ ಇಸಿ ಸುಮಾರು 3.3. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೀರಾವರಿ ಮಾರ್ಗಸೂಚಿ ಏನನ್ನುತ್ತೆ ಗೊತ್ತಾ? ಇಸಿ 3 ದಾಟಿದ ನೀರು ಕಟ್ಟುನಿಟ್ಟಿನ ಮಿತಿಯಲ್ಲಿ ಬಳಸಬೇಕಾದದ್ದು. ಹುರುಳಿಕಾಯಿಗೆ 0.7 ದಾಟಿದರೆ ಇಳುವರಿ ಇಳಿಯೋಕೆ ಶುರು, 2.4 ಆದರೆ ಅರ್ಧಕ್ಕರ್ಧ ನಷ್ಟ. ಅಂದರೆ ಕಾನೂನು ಪಾಸು ಮಾಡಿದ, ಬಣ್ಣವೇ ಇಲ್ಲದ ನೀರು ಕೂಡ ನೇರವಾಗಿ ಹೊಲಕ್ಕೆ ಬಂದರೆ ಹುರುಳಿಕಾಯಿ ಕೈಬಿಟ್ಟ ಹಾಗೇ. ತುಂಬಿದ ನದಿಗೆ ಸೇರಿದರೆ ತೆಳುವಾಗುತ್ತೆ, ಸರಿ. ಬೇಸಿಗೆಯ ಹಳ್ಳಕ್ಕೆ, ಕೆರೆಗೆ ಸೇರಿದರೆ ತೆಳು ಮಾಡೋಕೆ ಅಲ್ಲಿ ಬೇರೆ ನೀರೇ ಇರಲ್ಲ. ಸಾವಯವ ಸರ್ಟಿಫಿಕೇಟ್ ತೋರಿಸಿದರೆ ಉಪ್ಪು ವಾಪಸ್ ಹೋಗಲ್ಲ ಅನ್ನೋದು ನಮ್ಮಂಥ ಸಾವಯವದವರಿಗೂ ನೆನಪಿರಲಿ.

ಹಾಗಾದರೆ ಒಂದೂಕಾಲು ಲಕ್ಷ ಉಳಿಸಿ ಏನು ಮಾಡೋದು? ಮೊಬೈಲ್ ಇದೆಯಲ್ಲ. ಹಳ್ಳದ ಬಣ್ಣ ಬದಲಾದ ದಿನ ಫೋಟೋ ತೆಗೀರಿ, ಲೊಕೇಶನ್ ಆನ್ ಮಾಡಿ, ಟೈಮ್ ಬರುವ ಹಾಗೆ. ಅದೇ ಹೊತ್ತಿಗೆ ಇಸಿ ಮೀಟರ್ ಅದ್ದಿ ನಂಬರಿನ ಫೋಟೋನೂ ತೆಗೀರಿ. ಪೆನ್ನಿನಂಥ ಆ ಮೀಟರಿಗೆ ಒಂದು ಚೀಲ ಗೊಬ್ಬರದಷ್ಟೂ ದುಡ್ಡಿಲ್ಲ. ತಿಂಗಳುಗಟ್ಟಲೆ ಹೀಗೆ ಸೇರಿಸಿದ್ದನ್ನು ಸುಮ್ಮನೆ ತಳ್ಳಿಹಾಕೋದು ಯಾವ ಅಧಿಕಾರಿಗೂ ಸುಲಭ ಅಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಹಕ್ಕೂ ಇದೆ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ನೀರು ಹೊರಬಿಡೋಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಆ ಸಮ್ಮತಿಯ ಷರತ್ತುಗಳನ್ನು ಮಂಡಳಿ ಒಂದು ರಿಜಿಸ್ಟರಿನಲ್ಲಿ ಇಡಬೇಕು. ಆ ಹೊರಹರಿವಿನಿಂದ ತೊಂದರೆಗೊಳಗಾದವರು ಕಚೇರಿ ವೇಳೆಯಲ್ಲಿ ಹೋಗಿ ಅದನ್ನು ನೋಡಬಹುದು. ಕೊಡಲ್ಲ ಅಂದರೆ ಆರ್‌ಟಿಐ ಹಾಕಬಹುದು. ನೋಡಬೇಕಾದ್ದು: ದಿನಕ್ಕೆ ಎಷ್ಟು ಲೀಟರ್ ಬಿಡೋಕೆ ಅನುಮತಿ, ಎಲ್ಲಿಗೆ ಬಿಡೋಕೆ, ಉಪ್ಪು ಎಲ್ಲಿ ಹೋಗುತ್ತೆ. ಯಾರಾದರೂ ನಿಜವಾಗಿಯೂ ಕ್ಯಾವಿಟೇಶನ್ ಘಟಕ ಹಾಕಿದ್ದಾರೆ ಅಂದರೆ ಸಂತೋಷ, ಆದರೆ ಲೋಟದ ನೀರು ತೋರಿಸಿದರೆ ಒಪ್ಪಬೇಡಿ. ಹೋಗುವಾಗಿನ ಸಿಓಡಿ, ಬರುವಾಗಿನ ಸಿಓಡಿ ಕೇಳಿ. ಕಬ್ಬಿಣದ ಕೆಸರು ಯಾರು ಒಯ್ತಾರೆ ಅಂತಲೂ ಕೇಳಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಅಂಥ ರಾಸಾಯನಿಕ ಕೆಸರಿಗೆ ಲೆಕ್ಕ ಇಡಬೇಕು, ಹಳ್ಳದ ದಂಡೆಗೆ ಸುರಿಯೋ ಹಾಗಿಲ್ಲ.

ಹುಡುಗ ನನ್ನ ಲೆಕ್ಕ ನೋಡಿ ಎರಡು ದಿನ ಉತ್ತರ ಕೊಡಲಿಲ್ಲ. ಆಮೇಲೆ ಫೋನ್ ಮಾಡಿದ. "ಅಣ್ಣ, ಅಡ್ವಾನ್ಸ್ ಐದು ಸಾವಿರ ಕೊಟ್ಟುಬಿಟ್ಟಿದ್ವಿ, ಅದು ಹೋಯ್ತು ಅಂದ್ಕೊಂಡ್ವಿ. ಉಳಿದಿದ್ದು ಬೇಡ ಅಂದ್ವಿ." ಐದು ಜನಕ್ಕೆ ಈಗ ಮೂರು ಇಸಿ ಮೀಟರ್ ಇವೆ. ಏಪ್ರಿಲ್ ಸ್ಯಾಂಪಲ್ ಸುತ್ತೂರಿಗೆ ಹೋಗಿದೆ, ರಿಪೋರ್ಟ್ ಬರಬೇಕು. ರಿಜಿಸ್ಟರ್ ನೋಡೋಕೆ ಮೈಸೂರಿನ ಕಚೇರಿಗೆ ಇಬ್ಬರು ಹೊರಟಿದ್ದಾರೆ, ನಾನೂ ಜೊತೆಗೆ ಹೋಗ್ತಿದ್ದೀನಿ.